ಬೇಸ್‌ಬಾಲ್ ಉದ್ಯಾನದ ಏಳುಬೀಳು: ಉದ್ಯಮಿಗಳಿಗೊಂದು ಪಾಠ

1990ರ ಜನವರಿ 17, ಬುಧವಾರ. ಅಮೆರಿಕದ ಫ್ಲಾರಿಡಾ ರಾಜ್ಯದ ‘ಬೋರ್ಡ್‌ವಾಕ್ ಅಂಡ್ ಬೇಸ್‌ಬಾಲ್’ ಎಂಬ ಮನರಂಜನಾ ಉದ್ಯಾನವನ್ನು ಅದರ ಮಾಲೀಕರು ಅಂದು ಶಾಶ್ವತವಾಗಿ ಮುಚ್ಚಿದರು. ಟಿಕೆಟ್ ಪಡೆದು ಬಂದಿದ್ದ ಸುಮಾರು ಒಂದು ಸಾವಿರ ಮಂದಿ ಆಗಿನ್ನೂ ಉದ್ಯಾನದೊಳಗೇ ಇದ್ದರು. ಅದು ಆರಂಭವಾಗಿ ಮೂರು ವರ್ಷಗಳೂ ತುಂಬಿರಲಿಲ್ಲ. ಹೊಸ ಮಾಲೀಕರ ಕೈಸೇರಿ ಕೆಲವೇ ವಾರಗಳಾಗಿದ್ದವು.

ನಷ್ಟದಲ್ಲಿರುವ ಉದ್ಯಮವೊಂದು ಬಾಗಿಲು ಮುಚ್ಚುವುದು ವ್ಯಾಪಾರ ಜಗತ್ತಿನಲ್ಲಿ ಅಪರೂಪದ ಸಂಗತಿಯೇನಲ್ಲ. ಆದರೆ ಈ ಉದ್ಯಾನದ ಕಥೆ ಕೇವಲ ಟಿಕೆಟ್ ಮಾರಾಟದ ಕಥೆಯಲ್ಲ. ಆ ಜಾಗ ಹದಿನಾರು ವರ್ಷಗಳಲ್ಲಿ ನಾಲ್ವರು ಮಾಲೀಕರನ್ನು ಕಂಡಿತು. ಅವರಲ್ಲಿ ಒಬ್ಬರು ಆಟಿಕೆ ತಯಾರಕರು, ಒಬ್ಬರು ಪುಸ್ತಕ ಪ್ರಕಾಶಕರು, ಕೊನೆಯವರು ಬಿಯರ್ ತಯಾರಕರು. ಉದ್ಯಾನದ ಹಣೆಬರಹವನ್ನು ಅದರ ಮಹಾದ್ವಾರದ ವಸೂಲಿ ಎಷ್ಟು ನಿರ್ಧರಿಸಿತೋ ಅಷ್ಟೇ ಈ ಒಡೆಯರ ಅಢಾವೆ ಪತ್ರಿಕೆಗಳೂ ನಿರ್ಧರಿಸಿದವು. ಈ ಕಾರಣದಿಂದಲೇ ಮನರಂಜನೆಯೊಡನೆ ಯಾವ ಸಂಬಂಧವೂ ಇಲ್ಲದ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಕೂಡ ಇದನ್ನು ಅವಲೋಕಿಸುವುದು ಉಪಯುಕ್ತ.

ಸರ್ಕಸ್ಸಿನಿಂದ ಆರಂಭ

ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಆರ್ಲಾಂಡೋ ನಗರದ ಬಳಿ ಆರಂಭವಾದ ಮೇಲೆ ಮಧ್ಯ ಫ್ಲಾರಿಡಾದ ಆರ್ಥಿಕ ಚಿತ್ರವೇ ಬದಲಾಯಿತು. ಕಿತ್ತಳೆ ತೋಟಗಳಿಗೆ ಹೆಸರಾಗಿದ್ದ ಪ್ರದೇಶಕ್ಕೆ ದೇಶದ ಎಲ್ಲ ಕಡೆಗಳಿಂದ ಪ್ರವಾಸಿಗರು ಬರತೊಡಗಿದರು. ಡಿಸ್ನಿಗೆ ಬರುವ ಕುಟುಂಬ ಇನ್ನೊಂದೆರಡು ದಿನ ಉಳಿದು ಬೇರೆಡೆಗೂ ಹೋಗಬಹುದು ಎಂಬ ಲೆಕ್ಕಾಚಾರದಿಂದ ಸುತ್ತಮುತ್ತ ಹಲವು ಉದ್ಯಾನಗಳು ತಲೆಯೆತ್ತಿದವು. 1973ರಲ್ಲಿ ಆರ್ಲಾಂಡೋದ ಸೀವರ್ಲ್ಡ್ ಆರಂಭವಾಯಿತು.

1974ರಲ್ಲಿ ಪೋಕ್ ಜಿಲ್ಲೆಯ ಹೇನ್ಸ್ ಸಿಟಿಯ ಸಮೀಪ, ಎರಡು ಹೆದ್ದಾರಿಗಳು ಸೇರುವ ಆಯಕಟ್ಟಿನ ಜಾಗದಲ್ಲಿ ‘ಸರ್ಕಸ್ ವರ್ಲ್ಡ್’ ಎಂಬ ಉದ್ಯಾನ ಪ್ರಾರಂಭವಾಯಿತು. ಪ್ರಸಿದ್ಧ ರಿಂಗ್ಲಿಂಗ್ ಸರ್ಕಸ್ ಕಂಪನಿಯು ಆಗ ಆಟಿಕೆ ತಯಾರಿಕಾ ಸಂಸ್ಥೆ ಮ್ಯಾಟೆಲ್‌ನ ಒಡೆತನದಲ್ಲಿದ್ದಿತು. ಸರ್ಕಸ್ಸಿನ ಹೆಸರು, ಹೆದ್ದಾರಿಯ ಅನುಕೂಲ, ಡಿಸ್ನಿಯ ನೆರೆಹೊರೆ ಎಲ್ಲವೂ ಇದ್ದರೂ ಉದ್ಯಾನವು ನಿರೀಕ್ಷಿತ ಮಟ್ಟಕ್ಕೆ ಏರಲಿಲ್ಲ. 1982ರಲ್ಲಿ ಮ್ಯಾಟೆಲ್ ಸಂಸ್ಥೆಯಿಂದ ಸರ್ಕಸ್ ಕಂಪನಿಯನ್ನು ಮರಳಿ ಕೊಂಡವರು ಉದ್ಯಾನವನ್ನು ಮಾತ್ರ ಬಿಟ್ಟುಬಿಟ್ಟರು. ಅದೇ ವ್ಯವಹಾರದ ಒಳಹೊರಗನ್ನು ಬಲ್ಲವರು ಒಂದು ಆಸ್ತಿಯನ್ನು ಬೇಡವೆಂದು ಬಿಡುವುದು ಮುಂದಿನ ಖರೀದಿದಾರರಿಗೆ ದೊರೆಯಬಹುದಾದ ಅತ್ಯಂತ ಅಗ್ಗದ ಸಲಹೆ. 1984ರಲ್ಲಿ ಉದ್ಯಾನ ಮತ್ತೊಬ್ಬ ಹೂಡಿಕೆದಾರರ ಕೈಸೇರಿತು; 1986ರಲ್ಲಿ ಅವರಿಂದ ಹಾರ್ಕೋರ್ಟ್ ಬ್ರೇಸ್ ಜೊವಾನೊವಿಚ್ ಎಂಬ ಪ್ರಕಾಶನ ಸಂಸ್ಥೆಗೆ ಹಸ್ತಾಂತರವಾಯಿತು.

ಪುಸ್ತಕ ಪ್ರಕಾಶಕರ ಲೆಕ್ಕಾಚಾರ

1919ರಲ್ಲಿ ಸ್ಥಾಪಿತವಾದ ಈ ಪ್ರಕಾಶನ ಸಂಸ್ಥೆ ಅಮೆರಿಕದ ಶಾಲಾ ಪಠ್ಯಪುಸ್ತಕ ಮಾರುಕಟ್ಟೆಯಲ್ಲಿ ದೊಡ್ಡ ಹೆಸರು. ಅದರ ಮುಖ್ಯಸ್ಥ ವಿಲಿಯಂ ಜೊವಾನೊವಿಚ್ 1947ರಲ್ಲಿ ಪಠ್ಯಪುಸ್ತಕಗಳ ಮಾರಾಟ ಪ್ರತಿನಿಧಿಯಾಗಿ ಕೆಲಸಕ್ಕೆ ಸೇರಿ ಕ್ರಮೇಣ ಸಂಸ್ಥೆಯ ಚುಕ್ಕಾಣಿ ಹಿಡಿದವರು. 1970ರಲ್ಲಿ ಅವರ ಹೆಸರು ಸಂಸ್ಥೆಯ ಹೆಸರಿನೊಡನೆಯೇ ಸೇರಿತು.

ಪ್ರಕಾಶಕರಿಗೆ ಮನರಂಜನಾ ಉದ್ಯಾನಗಳ ಗೊಡವೆ ಏಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ನಗದು ಹರಿವಿನಲ್ಲಿದೆ. ಪಠ್ಯಪುಸ್ತಕದ ವ್ಯಾಪಾರದಲ್ಲಿ ಬರವಣಿಗೆ, ಮುದ್ರಣ ಹಾಗೂ ದಾಸ್ತಾನಿಗೆ ಮೊದಲೇ ಹಣ ಹೂಡಬೇಕು, ಮಾರಾಟ ಶಾಲಾ ವರ್ಷದ ಆರಂಭಕ್ಕೆ ಸೀಮಿತ, ವಸೂಲಿಗೆ ಕಾಯಬೇಕು. ಉದ್ಯಾನದಲ್ಲಾದರೋ ಗ್ರಾಹಕರು ಸೇವೆ ಪಡೆಯುವ ಮುನ್ನವೇ ದ್ವಾರದಲ್ಲಿ ಹಣ ಕೊಡುತ್ತಾರೆ. ಬಾಕಿಯ ಪ್ರಶ್ನೆಯೇ ಇಲ್ಲ. ಈ ತರ್ಕ ಮೊದಲ ಬಾರಿಗೆ ಚೆನ್ನಾಗಿಯೇ ಫಲಿಸಿತು. 1976ರಲ್ಲಿ ಸಂಸ್ಥೆಯು ಸೀವರ್ಲ್ಡ್ ಉದ್ಯಾನಗಳನ್ನು 4.6 ಕೋಟಿ ಡಾಲರ್‌ಗಳಿಗೆ ಖರೀದಿಸಿ ಸಮರ್ಥವಾಗಿ ಬೆಳೆಸಿತು. 1985ರಲ್ಲಿ, 1936ರಿಂದಲೂ ನಡೆಯುತ್ತಿದ್ದ ಸೈಪ್ರೆಸ್ ಗಾರ್ಡನ್ಸ್ ಉದ್ಯಾನವನ್ನು ತನ್ನದಾಗಿಸಿಕೊಂಡಿತು.

ಎರಡು ಖರೀದಿಗಳಲ್ಲಿ ಸಿಕ್ಕ ಯಶಸ್ಸು ಮೂರನೆಯದಕ್ಕೆ ಧೈರ್ಯ ಕೊಟ್ಟಿತು. ಆದರೆ ಮೊದಲ ಎರಡರಲ್ಲಿ ಸಂಸ್ಥೆ ಕೊಂಡದ್ದು ಜನ ಈಗಾಗಲೇ ಮೆಚ್ಚಿದ ಉದ್ಯಾನಗಳನ್ನು. ಮೂರನೆಯದರಲ್ಲಿ ಕೊಂಡದ್ದು ಜನ ಕೈಬಿಟ್ಟ ಒಂದು ಜಾಗವನ್ನು. ಅಲ್ಲಿ ಗ್ರಾಹಕರನ್ನು ಹೊಸದಾಗಿಯೇ ಗಳಿಸಬೇಕಾಗಿತ್ತು. ಹೆಸರಿಗೆ ಎಲ್ಲವೂ ಉದ್ಯಾನಗಳೇ ಆದರೂ ವ್ಯವಹಾರದ ದೃಷ್ಟಿಯಿಂದ ಇವು ಎರಡು ಬೇರೆ ಬೇರೆ ಸಾಹಸಗಳು.

ಬೇಸ್‌ಬಾಲ್‌ಗೆ ಉದ್ಯಾನದ ರೂಪ

ಸಂಸ್ಥೆ 1986ರಲ್ಲಿ ಸರ್ಕಸ್ ವರ್ಲ್ಡ್ ಮುಚ್ಚಿ, ಅದೇ ಜಾಗವನ್ನು ಪುನರ್‌ರೂಪಿಸಿ 1987ರಲ್ಲಿ ಬೋರ್ಡ್‌ವಾಕ್ ಅಂಡ್ ಬೇಸ್‌ಬಾಲ್ ಎಂಬ ಹೊಸ ಹೆಸರಿನಲ್ಲಿ ತೆರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಡಲತೀರದ ವಿಹಾರಧಾಮಗಳಲ್ಲಿ ಇರುತ್ತಿದ್ದ ಮರದ ಹಲಗೆಯ ಕಾಲುದಾರಿ, ಅದರ ಬದಿಯ ಆಟದ ಯಂತ್ರಗಳು, ಅಂಗಡಿಗಳು ಒಂದು ಭಾಗ. ಕ್ರಿಕೆಟ್‌ನಂತೆಯೇ ದಾಂಡು ಚೆಂಡಿನ ಆಟವಾದ ಬೇಸ್‌ಬಾಲ್ ಇನ್ನೊಂದು ಭಾಗ. ಸಂದರ್ಶಕರು ತಾವೇ ದಾಂಡು ಹಿಡಿದು ಯಂತ್ರ ಎಸೆಯುವ ಚೆಂಡನ್ನು ಎದುರಿಸಬಹುದಾಗಿತ್ತು. ಬೇಸ್‌ಬಾಲ್‌ನ ಕೀರ್ತಿಭವನವಿರುವ ಕೂಪರ್ಸ್‌ಟೌನ್ ಊರಿನ ಹೆಸರಿನಲ್ಲಿ ಒಂದು ವಸ್ತುಪ್ರದರ್ಶನವೂ ಇದ್ದಿತು. ಕ್ರೀಡಾ ವಾಹಿನಿ ಇಎಸ್‌ಪಿಎನ್ ಇಲ್ಲಿಯೇ ಕ್ರೀಡಾ ರಸಪ್ರಶ್ನೆ ಕಾರ್ಯಕ್ರಮವನ್ನು ಚಿತ್ರೀಕರಿಸಿತು.

ಯೋಜನೆಯ ಮುಖ್ಯ ಆಕರ್ಷಣೆ ಕ್ಯಾನ್ಸಾಸ್ ಸಿಟಿ ರಾಯಲ್ಸ್ ಎಂಬ ವೃತ್ತಿಪರ ತಂಡ. 1985ರ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಈ ತಂಡಕ್ಕಾಗಿ ಉದ್ಯಾನದ ಪಕ್ಕದಲ್ಲಿ ‘ಬೇಸ್‌ಬಾಲ್ ಸಿಟಿ’ ಕ್ರೀಡಾಂಗಣ ನಿರ್ಮಾಣವಾಯಿತು. ಅಲ್ಲಿಯವರೆಗೆ ಫ್ಲಾರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ವಸಂತಕಾಲದ ತರಬೇತಿ ನಡೆಸುತ್ತಿದ್ದ ರಾಯಲ್ಸ್ 1988ರಿಂದ ಇಲ್ಲಿಗೆ ಬರತೊಡಗಿತು. ಅದೇ ವರ್ಷದಿಂದ ತಂಡದ ಅಧೀನದಲ್ಲಿದ್ದ ಕೆಳಹಂತದ ತಂಡವೊಂದೂ ಬೇಸಿಗೆಯಲ್ಲಿ ಇಲ್ಲಿ ಪಂದ್ಯಗಳನ್ನು ಆಡಿತು.

ಗಳಿಕೆಗೆ ಋತುವುಂಟು, ವೆಚ್ಚಕ್ಕಿಲ್ಲ

ಕಾಗದದ ಮೇಲೆ ಆಕರ್ಷಕವಾಗಿದ್ದ ಈ ಯೋಜನೆಯ ಮೊದಲ ದೌರ್ಬಲ್ಯ ಕ್ಯಾಲೆಂಡರಿನಲ್ಲಿಯೇ ಇದ್ದಿತು. ಅಮೆರಿಕದ ಪ್ರಮುಖ ಬೇಸ್‌ಬಾಲ್ ತಂಡಗಳು ಫ್ಲಾರಿಡಾ ಹಾಗೂ ಅರಿಜೋನಾ ರಾಜ್ಯಗಳಿಗೆ ತರಬೇತಿಗಾಗಿ ಬರುವುದು ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ಋತು ಆರಂಭವಾಗುತ್ತಲೇ ಹೆಸರಾಂತ ಆಟಗಾರರು ತಮ್ಮ ತಮ್ಮ ನಗರಗಳಿಗೆ ಮರಳುತ್ತಾರೆ. ಅಂದರೆ ಉದ್ಯಾನದ ಹೆಸರಿಗೆ ಅರ್ಥ ತರುವ ತಾರೆಗಳು ವರ್ಷದ ಹನ್ನೆರಡು ತಿಂಗಳುಗಳಲ್ಲಿ ಸುಮಾರು ಎರಡು ತಿಂಗಳು ಮಾತ್ರ ಅಲ್ಲಿರುತ್ತಿದ್ದರು. ಉಳಿದ ಅವಧಿಯಲ್ಲಿ ಉದ್ಯಾನವು ತನ್ನ ಯಂತ್ರಗಳ ಮತ್ತು ಪ್ರದರ್ಶನಗಳ ಬಲದ ಮೇಲೆಯೇ ಡಿಸ್ನಿಯಂತಹ ದೈತ್ಯನೊಡನೆ ಸ್ಪರ್ಧಿಸಬೇಕಾಗಿತ್ತು. ಡಿಸ್ನಿಯಾದರೋ 1982ರಲ್ಲಿ ಎಪ್ಕಾಟ್ ತೆರೆದು, 1989ರ ಮೇ ತಿಂಗಳಲ್ಲಿ ಚಲನಚಿತ್ರ ವಸ್ತುವಿನ ಮೂರನೆಯ ಉದ್ಯಾನವನ್ನೂ ತೆರೆಯಿತು. ಯೂನಿವರ್ಸಲ್ ಸಂಸ್ಥೆ ತನ್ನ ಉದ್ಯಾನವನ್ನು ಅಣಿಗೊಳಿಸುತ್ತಿತ್ತು. ಅದು 1990ರ ಜೂನ್‌ನಲ್ಲಿ ಆರಂಭವಾಯಿತು. ಪ್ರವಾಸಿಗರ ರಜೆ ಮಾತ್ರ ಮೊದಲಿನಷ್ಟೇ ದಿನಗಳದಾಗಿತ್ತು.

ಇಂತಹ ಉದ್ಯಮದಲ್ಲಿ ಸ್ಥಿರ ವೆಚ್ಚದ ಪಾತ್ರವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ಅರಿಯಬಹುದು. ಉದ್ಯಾನವೊಂದರ ಸಂಬಳ, ವಿದ್ಯುತ್, ನಿರ್ವಹಣೆ, ವಿಮೆ ಮೊದಲಾದ ಸ್ಥಿರ ವೆಚ್ಚ ದಿನಕ್ಕೆ 5 ಲಕ್ಷ ರೂಪಾಯಿ ಎಂದೂ, ಪ್ರತಿ ಸಂದರ್ಶಕರಿಂದ ಚರ ವೆಚ್ಚ ಕಳೆದು ಉಳಿಯುವ ಮೊತ್ತ 250 ರೂಪಾಯಿ ಎಂದೂ ಇಟ್ಟುಕೊಂಡರೆ, ಲಾಭವೂ ನಷ್ಟವೂ ಇಲ್ಲದ ಸ್ಥಿತಿಗೆ ದಿನಕ್ಕೆ 2,000 ಮಂದಿ ಬರಬೇಕು. 2,400 ಮಂದಿ ಬಂದರೆ 1 ಲಕ್ಷ ಲಾಭ. 1,600 ಮಂದಿ ಬಂದರೆ 1 ಲಕ್ಷ ನಷ್ಟ. ಸಂದರ್ಶಕರ ಸಂಖ್ಯೆಯಲ್ಲಿ ಶೇಕಡಾ 20ರಷ್ಟು ಏರಿಳಿತವಾದರೆ ಸಾಕು, ಲಾಭದ ಉದ್ಯಮ ನಷ್ಟದ ಉದ್ಯಮವಾಗುತ್ತದೆ. ಕಚ್ಚಾಮಾಲು ಕಡಿಮೆ ಕೊಂಡು ಉತ್ಪಾದನೆ ತಗ್ಗಿಸುವ ಕಾರ್ಖಾನೆಯ ಸೌಕರ್ಯ ಇಲ್ಲಿಲ್ಲ. ಹತ್ತು ಮಂದಿ ಕುಳಿತರೂ ನೂರು ಮಂದಿ ಕುಳಿತರೂ ಯಂತ್ರ ತಿರುಗಲೇಬೇಕು.

ಇದೇ ಉದಾಹರಣೆಗೆ ದಿನಕ್ಕೆ 1 ಲಕ್ಷ ರೂಪಾಯಿ ಬಡ್ಡಿಯನ್ನು ಸೇರಿಸಿದರೆ, ನಿನ್ನೆಯವರೆಗೆ ಲಾಭ ತಂದ 2,400ರ ಸಂಖ್ಯೆ ಇಂದು ಕೇವಲ ಸರಿದೂಗಿಸುವ ಸಂಖ್ಯೆಯಾಗುತ್ತದೆ. ಪ್ರಕಾಶನ ಸಂಸ್ಥೆಯ ಉದ್ಯಾನಗಳ ಮೇಲೆ ಇಂತಹುದೇ ಒಂದು ಹೊರೆ, ಅದೂ ಅನಿರೀಕ್ಷಿತ ದಿಕ್ಕಿನಿಂದ ಬಂದಿತು.

ಬ್ರಿಟನ್ನಿನಿಂದ ಬಂದ ಸವಾಲು

ಉದ್ಯಾನ ತೆರೆದ ವರ್ಷವೇ, 1987ರ ಮೇ ತಿಂಗಳಲ್ಲಿ, ಬ್ರಿಟನ್ನಿನ ಪ್ರಕಾಶನೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ಹಾರ್ಕೋರ್ಟ್ ಸಂಸ್ಥೆಯನ್ನೇ ಕೊಳ್ಳಲು ಮುಂದಾದರು. ಷೇರೊಂದಕ್ಕೆ 44 ಡಾಲರ್, ಒಟ್ಟು ಸುಮಾರು 170 ಕೋಟಿ ಡಾಲರ್ ಎಂಬುದು ಅವರ ಪ್ರಸ್ತಾಪ. ಆಡಳಿತ ಮಂಡಳಿ ಇದನ್ನು ಖಂಡತುಂಡವಾಗಿ ನಿರಾಕರಿಸಿತು. ಆದರೆ ಷೇರುದಾರರು ಅಧಿಕ ಬೆಲೆಯ ಆಸೆಗೆ ಷೇರು ಮಾರಿಬಿಟ್ಟರೆ ನಿರಾಕರಣೆಗೆ ಅರ್ಥವಿರುವುದಿಲ್ಲ. ಆದ್ದರಿಂದ ಸಂಸ್ಥೆಯು ತನ್ನ ಷೇರುದಾರರಿಗೆ ತಾನೇ ಷೇರೊಂದಕ್ಕೆ 40 ಡಾಲರ್ ನಗದು ವಿಶೇಷ ಲಾಭಾಂಶವನ್ನೂ, ಜೊತೆಗೆ ಆದ್ಯತಾ ಷೇರುಗಳನ್ನೂ ಕೊಡಲು ನಿರ್ಧರಿಸಿತು. ಇದಕ್ಕೆ ಬೇಕಾದ ಹಣವನ್ನು ಬ್ಯಾಂಕುಗಳಿಂದಲೂ, ಅಧಿಕ ಬಡ್ಡಿಯ ಸಾಲಪತ್ರಗಳ ಮೂಲಕವೂ ಎತ್ತಿತು. ಮ್ಯಾಕ್ಸ್‌ವೆಲ್ ಹಿಂದೆ ಸರಿದರು. ಮರುವರ್ಷ ಮ್ಯಾಕ್‌ಮಿಲನ್ ಎಂಬ ಬೇರೊಂದು ಅಮೆರಿಕನ್ ಪ್ರಕಾಶನ ಸಂಸ್ಥೆಯನ್ನು ಕೊಂಡರು. ಹಾರ್ಕೋರ್ಟ್ ಸ್ವತಂತ್ರವಾಗಿ ಉಳಿಯಿತು. ಆದರೆ ಅದರ ತಲೆಯ ಮೇಲೆ 200 ಕೋಟಿ ಡಾಲರ್‌ಗಳಿಗೂ ಮೀರಿದ ಸಾಲ ನಿಂತಿತು.

ಈ ಸಾಲದ ಸ್ವರೂಪವನ್ನು ಲೆಕ್ಕಶಾಸ್ತ್ರದ ದೃಷ್ಟಿಯಿಂದ ಗಮನಿಸಬೇಕು. ಯಂತ್ರ ಕೊಳ್ಳಲು ಮಾಡಿದ ಸಾಲದ ಎದುರಿಗೆ ಯಂತ್ರ ಇರುತ್ತದೆ. ದಾಸ್ತಾನಿಗೆ ಮಾಡಿದ ಸಾಲದ ಎದುರಿಗೆ ಮಾಲು ಇರುತ್ತದೆ. ಯಂತ್ರವೂ ಮಾಲೂ ದುಡಿದು ಸಾಲ ತೀರಿಸುತ್ತವೆ. ಆದರೆ ಒಡೆತನ ಉಳಿಸಿಕೊಳ್ಳುವ ಸಲುವಾಗಿ ಮಾಡಿದ ಈ ಸಾಲದ ಹಣ ಷೇರುದಾರರ ಜೇಬು ಸೇರಿ ಹೊರಗೆ ಹೋಯಿತು. ಒಂದು ಹೊಸ ಪುಸ್ತಕವಾಗಲೀ ಉದ್ಯಾನದಲ್ಲಿ ಒಂದು ಹೊಸ ಆಕರ್ಷಣೆಯಾಗಲೀ ಅದರಿಂದ ಸೃಷ್ಟಿಯಾಗಲಿಲ್ಲ. ಇದಕ್ಕೂ ಮೊದಲು, 1986ರಲ್ಲಿ, ಸಂಸ್ಥೆಯು ಸಿಬಿಎಸ್‌ನ ಶೈಕ್ಷಣಿಕ ಪ್ರಕಾಶನ ವಿಭಾಗವನ್ನು 50 ಕೋಟಿ ಡಾಲರ್‌ಗಳಿಗೆ ಕೊಂಡಿತ್ತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಹೊಸ ಸೀವರ್ಲ್ಡ್ ನಿರ್ಮಾಣ ನಡೆದಿತ್ತು. ಹೀಗೆ ವಿಸ್ತರಣೆಯ ನಡುವೆಯೇ ಬಡ್ಡಿಯ ಭಾರ ಬಿದ್ದಿತು.

ನೆರೆಯಲ್ಲಿ ಡಿಸ್ನಿಯನ್ನಿಟ್ಟುಕೊಂಡ ಹೊಸ ಉದ್ಯಾನಕ್ಕೆ ಅತ್ಯಗತ್ಯವಾದದ್ದು ತಾಳ್ಮೆಯ ಬಂಡವಾಳ. ಹೆಸರು ಬೇರೂರುವವರೆಗೆ ಕೆಲವು ವರ್ಷ ನಷ್ಟವನ್ನು ಹೊರುವ, ಪ್ರತಿ ವರ್ಷ ಹೊಸದೊಂದು ಆಕರ್ಷಣೆ ಸೇರಿಸುವ ಒಡೆಯರು ಅದಕ್ಕೆ ಬೇಕಾಗಿತ್ತು. ಬಡ್ಡಿಯ ಕಂತಿಗಾಗಿ ಆಸ್ತಿಗಳನ್ನು ಎಣಿಸುತ್ತ ಕುಳಿತ ಒಡೆಯರಿಂದ ಅದು ಸಾಧ್ಯವಿರಲಿಲ್ಲ.

ಆರು ಉದ್ಯಾನಗಳ ಒಟ್ಟು ಮಾರಾಟ

1987ರ ಕೊನೆಯಲ್ಲಿ ಸಂಸ್ಥೆ ತನ್ನ ವ್ಯಾಪಾರಿ ನಿಯತಕಾಲಿಕಗಳ ವಿಭಾಗವನ್ನು ಮಾರಿತು. ಅದು ಸಾಲದಾಗಲು 1989ರಲ್ಲಿ ಉದ್ಯಾನಗಳ ಸರದಿ ಬಂದಿತು. ನಾಲ್ಕು ಸೀವರ್ಲ್ಡ್‌ಗಳು, ಸೈಪ್ರೆಸ್ ಗಾರ್ಡನ್ಸ್ ಮತ್ತು ಬೋರ್ಡ್‌ವಾಕ್ ಅಂಡ್ ಬೇಸ್‌ಬಾಲ್, ಹೀಗೆ ಆರು ಉದ್ಯಾನಗಳನ್ನು ಆನ್ಹೈಸರ್-ಬುಶ್ ಸಂಸ್ಥೆ 110 ಕೋಟಿ ಡಾಲರ್‌ಗಳಿಗೆ ಒಟ್ಟಾಗಿ ಖರೀದಿಸಿತು. ಹದಿಮೂರು ವರ್ಷಗಳ ಹಿಂದೆ 4.6 ಕೋಟಿಗೆ ಆರಂಭವಾದ ವ್ಯವಹಾರಕ್ಕೆ ದೊರೆತ ಈ ಬೆಲೆ, ಮನರಂಜನಾ ಉದ್ಯಾನಗಳ ಉದ್ಯಮ ಕೆಟ್ಟದ್ದೇನೂ ಆಗಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಬಡ್‌ವೈಸರ್ ಬಿಯರ್‌ನ ತಯಾರಕರಾದ ಈ ಖರೀದಿದಾರರಿಗೆ ಉದ್ಯಾನಗಳ ಅನುಭವ ಹೊಸದಲ್ಲ. ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ 1959ರಿಂದಲೂ ಅವರ ಬುಶ್ ಗಾರ್ಡನ್ಸ್ ನಡೆಯುತ್ತಿತ್ತು. ಬೇಸ್‌ಬಾಲ್ ಕೂಡ ಅವರಿಗೆ ಹೊಸದಲ್ಲ. 1953ರಿಂದ ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡದ ಒಡೆಯರು ಆಗ ಅವರೇ ಆಗಿದ್ದರು. 1985ರ ಅಂತಿಮ ಸರಣಿಯಲ್ಲಿ ರಾಯಲ್ಸ್ ಸೋಲಿಸಿದ್ದು ಇದೇ ಕಾರ್ಡಿನಲ್ಸ್ ತಂಡವನ್ನು ಎಂಬುದು ಕಾಕತಾಳೀಯ. ಬೇಸ್‌ಬಾಲ್ ಬಲ್ಲವರೂ ಉದ್ಯಾನ ನಡೆಸಬಲ್ಲವರೂ ಆದ ಈ ಸಂಸ್ಥೆಯೇ ಬೇಸ್‌ಬಾಲ್ ಉದ್ಯಾನವನ್ನು ಮುಂದುವರಿಸಲು ಇಚ್ಛಿಸಲಿಲ್ಲ. ಖರೀದಿದಾರರ ಕಣ್ಣು ಸೀವರ್ಲ್ಡ್‌ಗಳ ಮೇಲೆ ಇದ್ದಿತು. ಗಂಟಿನೊಡನೆ ಬಂದ ನಷ್ಟದ ಘಟಕವನ್ನು ಉಳಿಸಿಕೊಂಡರೆ ತಮ್ಮದೇ ಬೇರೆ ಉದ್ಯಾನಗಳ ಗ್ರಾಹಕರನ್ನು ಹಂಚಿಕೊಂಡಂತೆ. ಮುಚ್ಚಿದರೆ ನಷ್ಟ ನಿಲ್ಲುತ್ತದೆ. ಲೆಕ್ಕ ಸರಳವಾಗಿತ್ತು, ನಿರ್ಧಾರವೂ ಶೀಘ್ರವಾಗಿತ್ತು. ಅದರ ಬೆಲೆ ತೆತ್ತವರು ಅಂದು ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದಿದ್ದ ನೌಕರರು.

ಮುಚ್ಚಿದ ಮೇಲೆ

ಉದ್ಯಾನದ ಮರದ ರೋಲರ್‌ಕೋಸ್ಟರ್ ಒಂದನ್ನು ಬಿಚ್ಚಿ ಅರ್ಕಾನ್ಸಾ ರಾಜ್ಯದ ಮ್ಯಾಜಿಕ್ ಸ್ಪ್ರಿಂಗ್ಸ್ ಉದ್ಯಾನಕ್ಕೆ ಒಯ್ಯಲಾಯಿತು. ಅಲ್ಲಿ ಅದು 1992ರಲ್ಲಿ ಬೇರೆ ಹೆಸರಿನಿಂದ ಮರುಜನ್ಮ ಪಡೆಯಿತು. ಆದರೆ ತಳಪಾಯ, ಕಾಲುದಾರಿ, ಒಳಚರಂಡಿ, ಅಲಂಕಾರಗಳಿಗೆ ಮಾಡಿದ ವೆಚ್ಚವನ್ನು ಬಿಚ್ಚಿ ಒಯ್ಯಲಾಗದು. ಚಾಲ್ತಿಯಲ್ಲಿರುವ ಉದ್ಯಮದ ಪುಸ್ತಕ ಮೌಲ್ಯಕ್ಕೂ ಮುಚ್ಚಿದ ಉದ್ಯಮದ ವಸೂಲಿ ಮೌಲ್ಯಕ್ಕೂ ಇರುವ ಅಂತರ ಇದೇ.

ರಾಯಲ್ಸ್ ತಂಡ ಮಾತ್ರ ಪಾಳುಬಿದ್ದ ಉದ್ಯಾನದ ಪಕ್ಕದ ಕ್ರೀಡಾಂಗಣಕ್ಕೆ 2002ರವರೆಗೂ ಬರುತ್ತಲೇ ಇತ್ತು. 2003ರಿಂದ ಅರಿಜೋನಾಕ್ಕೆ ತೆರಳಿತು. ಆಸರೆಯಾಗಲೆಂದು ತಂದ ತಂಡ, ಆಸರೆ ಬೇಕಾಗಿದ್ದ ಉದ್ಯಾನಕ್ಕಿಂತ ಹನ್ನೆರಡು ವರ್ಷ ಹೆಚ್ಚು ಅಲ್ಲಿ ಉಳಿಯಿತು. ಬಳಿಕ ಕ್ರೀಡಾಂಗಣವನ್ನೂ ಕೆಡವಲಾಯಿತು. ಈಗ ಆ ಪ್ರದೇಶದಲ್ಲಿ ಪೋಸ್ನರ್ ಪಾರ್ಕ್ ಎಂಬ ಮಳಿಗೆಗಳ ಸಂಕೀರ್ಣವಿದೆ. ಹೆದ್ದಾರಿಗಳ ಸಂಗಮ ಕೊನೆಗೂ ವ್ಯಾಪಾರಕ್ಕೇ ಒದಗಿತು.

ಉದ್ಯಾನ ಮಾರಿದ ಹಾರ್ಕೋರ್ಟ್ ಸಂಸ್ಥೆಗೂ ನೆಮ್ಮದಿ ದೊರೆಯಲಿಲ್ಲ. ಯಾವ ಒಡೆತನವನ್ನು ಉಳಿಸಿಕೊಳ್ಳಲು ಅಷ್ಟು ಸಾಲ ಮಾಡಿತೋ ಆ ಒಡೆತನ 1991ರಲ್ಲಿ ಜನರಲ್ ಸಿನೆಮಾ ಎಂಬ ಸಂಸ್ಥೆಯ ಪಾಲಾಯಿತು.

ಇದೇ ಸರಣಿಯ ಸೈಪ್ರೆಸ್ ಗಾರ್ಡನ್ಸ್ ಕೂಡ ಮುಂದೆ ಹಲವು ಕೈ ಬದಲಾಗಿ 2009ರಲ್ಲಿ ಮುಚ್ಚಿತು. ಆದರೆ ಅದೇ ಜಾಗದಲ್ಲಿ 2011ರ ಅಕ್ಟೋಬರ್‌ನಲ್ಲಿ ಲೆಗೊಲ್ಯಾಂಡ್ ಆರಂಭವಾಗಿ ನೆಲೆ ಕಂಡುಕೊಂಡಿತು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿರುವ ಕುಟುಂಬವೇ ತನ್ನ ಗ್ರಾಹಕ ಎಂಬ ಖಚಿತತೆ ಅದಕ್ಕಿತ್ತು. ಹಳೆಯ ಜಾಗಕ್ಕೆ ಹೊಸ ರೂಪ ಕೊಡುವುದು ತಪ್ಪಲ್ಲ. ಯಾರಿಗಾಗಿ ಎಂಬುದು ಸ್ಪಷ್ಟವಾಗಿರಬೇಕು.

ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಹೆಸರಾಂತ ಆಕರ್ಷಣೆಯೊಂದನ್ನು ನಂಬಿ ಹೂಡಿಕೆ ಮಾಡುವಾಗ ಅದು ವರ್ಷದಲ್ಲಿ ಎಷ್ಟು ದಿನ ದುಡಿಯುತ್ತದೆ ಎಂದು ಎಣಿಸಬೇಕು. ಹಬ್ಬದ ತಿಂಗಳ ವ್ಯಾಪಾರವನ್ನು ನೋಡಿ ವರ್ಷವಿಡೀ ಬಾಡಿಗೆ ತೆರಬೇಕಾದ ಎರಡನೆಯ ಮಳಿಗೆ ತೆರೆಯುವ ವರ್ತಕರೂ ಇದೇ ತಪ್ಪು ಮಾಡುತ್ತಾರೆ.

ಎರಡನೆಯದಾಗಿ, ದೊಡ್ಡ ನೆರೆಯವರ ಗ್ರಾಹಕರು ತಾನಾಗಿಯೇ ನಮ್ಮ ಗ್ರಾಹಕರಾಗುವುದಿಲ್ಲ. ಅವರು ಒಮ್ಮೆ ಏಕೆ ಬರಬೇಕು, ಮತ್ತೆ ಏಕೆ ಬರಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಬಂಡವಾಳ ಹೂಡುವ ಮೊದಲೇ ಉತ್ತರವಿರಬೇಕು.

ಮೂರನೆಯದಾಗಿ ಮತ್ತು ಮುಖ್ಯವಾಗಿ, ಒಂದು ಘಟಕದ ಸಾಲವನ್ನು ಇನ್ನೊಂದು ಘಟಕದ ಹೆಗಲಿಗೇರಿಸುವ ಮುನ್ನ ನೂರು ಬಾರಿ ಯೋಚಿಸಬೇಕು. ಅಣ್ಣನ ಹೊಸ ಸಾಹಸಕ್ಕೆ ತಮ್ಮನ ಕಾರ್ಖಾನೆಯ ಕಟ್ಟಡ ಜಾಮೀನಾಗುವುದು, ಪಾಲುದಾರರನ್ನು ಬಿಡಿಸಿ ಕಳುಹಿಸಲು ಚಾಲ್ತಿ ವ್ಯವಹಾರದ ಮೇಲೆ ಸಾಲ ಎತ್ತುವುದು ಕುಟುಂಬದ ಉದ್ಯಮಗಳಲ್ಲಿ ನಿತ್ಯ ಕಾಣುವ ಸಂಗತಿ. ಇಂತಹ ಸಾಲದಿಂದ ಹೊಸ ಗಳಿಕೆ ಹುಟ್ಟುವುದಿಲ್ಲ. ಹಳೆಯ ಗಳಿಕೆಯೇ ಅದನ್ನು ತೀರಿಸಬೇಕು. ಆಗ ಮೊದಲು ಬಲಿಯಾಗುವುದು ಇನ್ನೂ ಎಳೆಯದಾಗಿರುವ, ಆರೈಕೆ ಬೇಡುವ ಘಟಕ.

ನಾಲ್ಕನೆಯದಾಗಿ, ಸಂಕಷ್ಟದಲ್ಲಿ ಘಟಕಗಳನ್ನು ಒಟ್ಟಾಗಿ ಮಾರುವಾಗ ಪ್ರತಿಯೊಂದರ ನಿಜವಾದ ಮೌಲ್ಯವನ್ನು ಬೇರೆಯಾಗಿ ತಿಳಿದಿರಬೇಕು. ಖರೀದಿದಾರರಿಗೆ ಬೇಡವಾದ ಘಟಕದಲ್ಲಿ ದುಡಿಯುವವರ ಗತಿಯೇನೆಂಬುದನ್ನು ಮಾರಾಟದ ಕರಾರಿಗೆ ಸಹಿ ಬೀಳುವ ಮೊದಲೇ ಚರ್ಚಿಸಬೇಕು. ಸಹಿ ಬಿದ್ದ ಮೇಲೆ ಹಳೆಯ ಮಾಲೀಕರ ಮಾತಿಗೆ ಬೆಲೆಯಿರುವುದಿಲ್ಲ.

ಬೋರ್ಡ್‌ವಾಕ್ ಅಂಡ್ ಬೇಸ್‌ಬಾಲ್ ಉದ್ಯಾನಕ್ಕೆ ಇನ್ನೂ ಐದು ವರ್ಷಗಳ ಕಾಲಾವಕಾಶ ದೊರೆತಿದ್ದರೆ ಅದು ಗೆಲ್ಲುತ್ತಿತ್ತೇ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಆ ಪರೀಕ್ಷೆಗೆ ಅವಕಾಶವೇ ಸಿಗಲಿಲ್ಲ. ಒಡೆಯರ ಬಳಿ ಕಾಯುವ ಶಕ್ತಿ ಉಳಿದಿದ್ದರೆ ಮಾತ್ರ ಉದ್ಯಮವೊಂದು ತನ್ನ ಯೋಗ್ಯತೆಯ ಮೇಲೆ ಗೆಲ್ಲಬಹುದು ಅಥವಾ ಸೋಲಬಹುದು. ಆ ಶಕ್ತಿಯನ್ನು ಕಾಯ್ದುಕೊಳ್ಳುವುದು ಉದ್ಯಮಿಯ ಮೊದಲ ಕರ್ತವ್ಯ.